ಟೆರೇಸ್ ಮೇಲೆ ಓಡಿದ್ದು ನಿಜಕ್ಕೂ ಎಷ್ಟು ಕಿಲೋಮೀಟರ್? ಅನುಭವ ಇದ್ದವರು ಹೇಳಿ

ಥಾಣೆಯಿಂದ ಪ್ರಶ್ನೆ: ರಸ್ತೆ ತುಂಬ ಹೊಂಡ. ಹಾಗಾಗಿ ಮಳೆ ಬಿಟ್ಟಾಗ ಸೊಸೈಟಿ ಟೆರೇಸ್‌ನಲ್ಲಿ ನೀರಿನ ಟ್ಯಾಂಕ್ ಸುತ್ತ ಓಡುತ್ತೇನೆ. ಉದ್ದ 20 ಮೀಟರ್, ಅಗಲ 10 ಇರಬಹುದು. ಒಂದೇ ಓಟಕ್ಕೆ ಫೋನ್ 5 ಕಿ.ಮೀ. ಅನ್ನುತ್ತದೆ, ಹೆಂಡತಿಯ ವಾಚ್ 4.1 ಅನ್ನುತ್ತದೆ. ಜನವರಿಯಲ್ಲಿ ಹಾಫ್ ಮ್ಯಾರಥಾನ್ (21.1 ಕಿ.ಮೀ.) ಇದೆ. ಜಾಸ್ತಿ ಖರ್ಚಿಲ್ಲದ ದಾರಿ ಇದೆಯಾ?

ಬೊರಿವಲಿ ವೆಸ್ಟ್: ಎರಡನ್ನೂ ನಂಬಬೇಡಿ. ವಾಚ್‌ಗೆ 41,000 ಸುರಿದವನು ನಾನು. ಡ್ಯುಯಲ್ ಫ್ರೀಕ್ವೆನ್ಸಿ ಜಿಪಿಎಸ್, ಇಂಚಿಂಚು ಲೆಕ್ಕ ಅಂತ ಅಂಗಡಿಯವನ ಪುರಾಣ. ಮರೀನ್ ಡ್ರೈವ್‌ನಲ್ಲಿ ಸರಿಯಾಗೇ ತೋರಿಸುತ್ತದೆ, ಸುಳ್ಳು ಯಾಕೆ ಹೇಳಲಿ. ನಮ್ಮ ಕಾಂಪೌಂಡ್‌ಗೆ ಬಂದರೆ ಅದಕ್ಕೆ ತಲೆ ಕೆಡುತ್ತದೆ. ಎರಡೂ ಕಡೆ 20 ಮಹಡಿ, ಸಿಗ್ನಲ್ ಗೋಡೆಗೆ ಬಡಿದು ಬರುತ್ತದೆ. ಮ್ಯಾಪ್ ಪ್ರಕಾರ ನಾನು ಪಕ್ಕದ ಬಿಲ್ಡಿಂಗ್ ಲಿಫ್ಟ್ ಒಳಗೆ ಓಡಿದ್ದೇನೆ. ತೆರೆದ ಬಯಲಲ್ಲೇ ಫೋನ್ 5 ಮೀಟರ್ ಆಚೀಚೆ ಆಗುತ್ತದೆ. 10 ಮೀಟರ್ ಅಗಲದ ಜಾಗದಲ್ಲಿ ಅದಕ್ಕೆ ಏನು ಗೊತ್ತಾಗಬೇಕು? ಆಮೇಲೆ ಹೆಜ್ಜೆಯಿಂದ ದೂರ ಲೆಕ್ಕ ಹಾಕುವ, ಶೂಗೆ ಸಿಕ್ಕಿಸುವ ಫುಟ್ ಪಾಡ್ ತಗೊಂಡೆ. ಇನ್ನೊಂದು 19,500. ಅದನ್ನು ಸೆಟ್ ಮಾಡೋಕೆ ಪ್ರಿಯದರ್ಶಿನಿ ಪಾರ್ಕ್‌ನ 400 ಮೀಟರ್ ಟ್ರ್ಯಾಕ್‌ಗೆ ಹೋಗಿದ್ದೆ. ಟ್ಯಾಕ್ಸಿ ದುಡ್ಡು ಬೇರೆ. ಒಳಗಿನ ಲೇನ್ ಖಾಲಿ ಇರಲಿಲ್ಲ. ಎರಡನೇ ಲೇನ್ ಸುತ್ತಿಗೆ 7 ಮೀಟರ್ ಜಾಸ್ತಿ, ಅದನ್ನೂ ಸೇರಿಸಿದೆ. ಈಗ ನೇರ ದಾರಿಯಲ್ಲಿ ಪಾಡ್ ಚೊಕ್ಕ. ಮೂಲೆಯಲ್ಲಿ ಹೆಜ್ಜೆ ಗಿಡ್ಡ ಆದಾಗ ಮಾತ್ರ ಸ್ವಲ್ಪ ಎಡವುತ್ತದೆ.

ಡೊಂಬಿವಲಿ, ಸೈಟ್ ಕೆಲಸ: 60,000 ಕೊಟ್ಟು "ಸ್ವಲ್ಪ ಎಡವುತ್ತದೆ"! ಮಾರಾಯ್ರೇ, ಟೇಪ್ ಅಂತ ಒಂದು ಸಾಮಾನು ಇದೆ. 30 ಮೀಟರ್ ಸ್ಟೀಲ್ ಟೇಪ್. ಬಟ್ಟೆಯದ್ದು ಬೇಡ, ಎಳೆದಷ್ಟೂ ಹಿಗ್ಗುತ್ತದೆ. ಪ್ಯಾರಾಪೆಟ್ ಅಳೆದು ಸುತ್ತಿನ ಲೆಕ್ಕ ಹಾಕುವ ಬುದ್ಧಿವಂತರೂ ಇದ್ದಾರೆ. ಪ್ಯಾರಾಪೆಟ್ ಮೇಲೆ ಓಡ್ತೀರಾ? ಕಾಲು ಬೀಳುವ ದಾರಿಗೆ ಚಾಕ್‌ಪೀಸ್ ಗೆರೆ ಎಳೆದು ಅದನ್ನೇ ಅಳೆಯಬೇಕು. ಗೆರೆಯಿಂದ ಒಂದು ಮೀಟರ್ ಒಳಗೆ ಸರಿದರೆ ಸುತ್ತಿಗೆ 6.28 ಮೀಟರ್ ಹೋಯಿತು. 60 ಮೀಟರ್ ಸುತ್ತಿಗೆ ಅದು ನೂರಕ್ಕೆ ಹತ್ತು! ನಾನು ಅಳೆಯುತ್ತಿದ್ದಾಗ ನಮ್ಮ ಚೇರ್ಮನ್ ಬಂದ. ಮೊಬೈಲ್ ಟವರ್ ಹಾಕಿಸೋಕೆ ಅಳತೆ ತಗೊಳ್ತಿದ್ದೀನಿ ಅಂತ ಅವನ ಅನುಮಾನ. ಮರುದಿನ ನೋಟಿಸ್ ಬೋರ್ಡ್‌ನಲ್ಲಿ ನನ್ನ ಫ್ಲ್ಯಾಟ್ ನಂಬರ್. ಟೆರೇಸ್ ಬೀಗದ ಕೀ ವಾಪಸ್ ಸಿಗೋಕೆ ಗಣಪತಿ ಹಬ್ಬ ಬರಬೇಕಾಯಿತು.

ಪುಣೆ, ಕೋಥ್ರೂಡ್: ಸೈಟ್ ಸಾಹೇಬರೇ, 6.28 ಬರೋದು ವೃತ್ತಕ್ಕೆ. ಟೆರೇಸ್ ಆಯತ. ನಾಲ್ಕು ಕಡೆಗೂ ಎರಡೆರಡು ಮೀಟರ್ ಕಳೆಯಿರಿ, 8 ಆಗುತ್ತದೆ. ಎಂಟನೇ ಕ್ಲಾಸ್ ಲೆಕ್ಕ.

ಡೊಂಬಿವಲಿ, ಸೈಟ್ ಕೆಲಸ: ಮೂಲೆಯಲ್ಲಿ ಪೊಲೀಸ್ ಪರೇಡ್ ತರಹ ಕಾಲು ಕುಟ್ಟಿ ತಿರುಗಿದರೆ 8. ಮನುಷ್ಯರು ದುಂಡಗೆ ತಿರುಗಿ ಓಡುತ್ತಾರೆ. ನಾಲ್ಕು ಮೂಲೆಯ ಬಾಗು ಸೇರಿಸಿದರೆ ಒಂದು ಪೂರ್ತಿ ವೃತ್ತ. ಒಂಬತ್ತನೇ ಕ್ಲಾಸಿಗೂ ಹೋಗಬೇಕಿತ್ತು ನೀವು.

ಮಾಟುಂಗ: ಜಗಳ ಬಿಡಿ ಅಣ್ಣಂದಿರೇ. ನಾನು ಮಗನ ಸೈಕಲ್‌ನಲ್ಲೇ ಕೆಲಸ ಮುಗಿಸಿದೆ. ಟೈರ್ ಮೇಲೆ ಸುಣ್ಣದ ಬೊಟ್ಟು ಇಟ್ಟು, ಅವನನ್ನೇ ಕೂರಿಸಿ, ಚಕ್ರ ಹತ್ತು ಸುತ್ತು ಉರುಳಿಸಿ ಎಷ್ಟು ದೂರ ಅಂತ ಅಳೆದೆ. ಆಮೇಲೆ ಓಡುವ ದಾರಿಗೆ ಚಕ್ರ ಎಷ್ಟು ಸಲ ಉರುಳುತ್ತದೆ ಅಂತ ಎಣಿಸಿದೆ. ಕೂತ ಭಾರಕ್ಕೆ ಟೈರ್ ಒತ್ತುತ್ತದೆ, ಖಾಲಿ ಸೈಕಲ್ ತಳ್ಳಿದರೆ ಅಳತೆ ಬೇರೆ ಬರುತ್ತದೆ. ಗಾಳಿ ಕಡಿಮೆಯಾದರೂ ಅಷ್ಟೇ. ಓಡುವಾಗ ಸುತ್ತು ಎಣಿಸೋಕೆ ಅತ್ತೆಯ ಜಪದ ಕೌಂಟರ್. ಬೆರಳಿಗೆ ಉಂಗುರದ ಹಾಗೆ ಹಾಕೋದು, ಪ್ರತಿ ಸುತ್ತಿಗೂ ಟಕ್ ಅಂತ ಒತ್ತೋದು. ಬೆವರಿಗೆ ಬಟನ್ ಕೆಟ್ಟು ಹೊಸದಕ್ಕೆ 80 ರೂಪಾಯಿ ಹೋಯಿತು. ಅತ್ತೆಯ ಸಿಟ್ಟಿಗೆ ರೇಟ್ ಇಲ್ಲ.

ಸಯನ್: ಸೈಕಲ್ ಅಂದರೆ ನಗಬೇಡಿ. ದೊಡ್ಡ ರೇಸ್‌ಗಳ ರಸ್ತೆ ಅಳೆಯೋದೂ ಸೈಕಲ್‌ನಲ್ಲೇ. ಮುಂದಿನ ಚಕ್ರಕ್ಕೆ ಅದು ಉರುಳಿದ್ದನ್ನು ಎಣಿಸುವ ಜೋನ್ಸ್ ಕೌಂಟರ್ ಕಟ್ಟಿ, ತಿರುವಿನಲ್ಲಿ ಅಂಚಿನಿಂದ 30 ಸೆಂ.ಮೀ. ದೂರದಲ್ಲಿ, ಅತಿ ಹತ್ತಿರದ ದಾರಿ ಹಿಡಿದು ಅಳೆಯುತ್ತಾರೆ. ಅದರ ಮೇಲೆ ಕಿಲೋಮೀಟರ್‌ಗೆ 1 ಮೀಟರ್ ಜಾಸ್ತಿ ಸೇರಿಸುತ್ತಾರೆ, ದಾರಿ ಕಡಿಮೆ ಬೀಳಬಾರದು ಅಂತ. ಇದು ಗೊತ್ತಿಲ್ಲದೆ "ನನ್ನ ವಾಚ್ 21.5 ತೋರಿಸಿತು" ಅಂತ ಪ್ರತಿ ವರ್ಷ ಆರ್ಗನೈಸರ್‌ಗೆ ಬೈಯುವವರು ಇಲ್ಲೇ ಇದ್ದಾರೆ. ಹೆಸರು ಬೇಡ.

ಬೊರಿವಲಿ ವೆಸ್ಟ್: ಹೆಸರು ಹೇಳಿ ಸ್ವಾಮಿ, ಹೆದರಿಕೆ ಏನು? ನಾನು ಬೈದಿದ್ದು ನೀರು ಖಾಲಿ ಆಗಿದ್ದಕ್ಕೆ.

ಕಾಂದಿವಲಿ, ಟಾಪ್ ಫ್ಲೋರ್: ಟೆರೇಸ್ ಕೆಳಗೆ ಇರುವವರನ್ನು ಯಾರಾದರೂ ಕೇಳಿದ್ರಾ? ಬೆಳಿಗ್ಗೆ ಐದಕ್ಕೆ ಧಪ್ ಧಪ್ ಧಪ್. ವಾಟರ್‌ಪ್ರೂಫಿಂಗ್‌ಗೆ ನನ್ನ ಪಾಲು 42,000 ಕೊಟ್ಟಿದ್ದೇನೆ. ಟೆರೇಸ್ ಮೇಲಿನ ಚೈನಾ ಮೊಸಾಯಿಕ್ (ಟೈಲ್ಸ್ ಚೂರಿನ ನೆಲ) ಎದ್ದು ಬಂದಿದೆ. ಜಾಗ ಇಲ್ಲದಿದ್ದರೆ ಮೆಟ್ಟಿಲು ಹತ್ತಿ.

ಡೊಂಬಿವಲಿ, ಸೈಟ್ ಕೆಲಸ: ಅಕ್ಕಾ, ಓಡಿದ್ದಕ್ಕೆ ಮೊಸಾಯಿಕ್ ಏಳೋದಿಲ್ಲ. ಅದರ ಕೆಳಗೆ ಇಟ್ಟಿಗೆ ಕೋಬಾ, ಅಂದರೆ ನೀರು ಇಳಿಯದ ಹಾಗೆ ಹಾಕುವ ಇಟ್ಟಿಗೆ ಚೂರಿನ ಪದರ, ಸರಿಯಾಗಿ ಹಾಕಿಲ್ಲ. ಕಾಂಟ್ರಾಕ್ಟರ್‌ನ ಹಿಡಿಯಿರಿ.

ಕಾಂದಿವಲಿ, ಟಾಪ್ ಫ್ಲೋರ್: ನೀವೂ ಕಾಂಟ್ರಾಕ್ಟರ್ ಜಾತಿಯವರೇ ಅಲ್ವಾ? ಸೋರಿದಾಗ ಫೋನ್ ಎತ್ತುವವರು ಒಬ್ಬರೂ ಇಲ್ಲ.

ವಾಶಿ: 2020ರ ಮಾರ್ಚ್‌ನಲ್ಲಿ ಫ್ರಾನ್ಸ್‌ನಲ್ಲಿ ಒಬ್ಬ 7 ಮೀಟರ್ ಬಾಲ್ಕನಿಯಲ್ಲೇ ಪೂರ್ತಿ ಮ್ಯಾರಥಾನ್ ಓಡಿದ. 42,195ನ್ನು 7ರಿಂದ ಭಾಗಿಸಿ ನೋಡಿ, ಆರು ಸಾವಿರಕ್ಕೂ ಜಾಸ್ತಿ ಸಲ. ನಾನೂ ಹಾಲ್‌ನಲ್ಲಿ ಶುರು ಮಾಡಿದೆ. ಒಂದೇ ಕಡೆ ತಿರುಗಿ ತಿರುಗಿ ಎಡ ಮಂಡಿ ಹಿಡಿದುಕೊಂಡಿತು. ಫಿಸಿಯೋಗೆ ಸಲಕ್ಕೆ 700. ದಿಕ್ಕು ಬದಲಿಸುತ್ತಿರಿ.

ಮುಲುಂಡ್: ಇಷ್ಟೆಲ್ಲ ಯಾಕೆ? ಟ್ರೆಡ್‌ಮಿಲ್ ತಗೊಳ್ಳಿ. ಅದನ್ನೂ ಕಣ್ಣು ಮುಚ್ಚಿ ನಂಬಬೇಡಿ. ಬೆಲ್ಟ್‌ಗೆ ಬಿಳಿ ಪಟ್ಟಿ ಅಂಟಿಸಿ ಸುತ್ತು ಎಣಿಸಿ, ಬೆಲ್ಟ್ ಉದ್ದಕ್ಕೆ ಗುಣಿಸಿ. ನನ್ನದು 5 ಅಂದಾಗ ನಿಜಕ್ಕೂ 4.7. ಸರ್ವಿಸ್‌ನವನು 1,200 ತಗೊಂಡು ಎಣ್ಣೆ ಹಾಕಿ ಹೋದ, ಅಷ್ಟೇ. 55,000ದ ಮಷಿನ್, 20ಕ್ಕೆ ಕೊಡುತ್ತೇನೆ, ಯಾರಿಗಾದರೂ ಬೇಕಾ?

ಕಾಂದಿವಲಿ, ಟಾಪ್ ಫ್ಲೋರ್: ಮುಲುಂಡ್‌ನಿಂದ ಟೆಂಪೋಗೆ ಎಷ್ಟು? ನಮ್ಮ ಟೆರೇಸ್ ಓಟಗಾರನಿಗೆ ಚಂದಾ ಎತ್ತಿ ಕೊಡಿಸುತ್ತೇವೆ.

ಡೊಂಬಿವಲಿ, ಸೈಟ್ ಕೆಲಸ: ಅವನ ಮನೆ ಕೆಳಗಿನವರನ್ನು ಮೊದಲು ಕೇಳಿ ಅಕ್ಕಾ. ಟ್ರೆಡ್‌ಮಿಲ್ ಸದ್ದು ಸ್ಲ್ಯಾಬ್‌ನಲ್ಲೇ ಇಳಿಯುತ್ತದೆ.