ಕೋಳಿಮರಿ ಹುಂಜವೋ ಹೇಂಟೆಯೋ: ಪಶುವೈದ್ಯರ ಉತ್ತರ

ಪ್ರಶ್ನೆ (ಬ್ರಹ್ಮಾವರ): ನಮಸ್ಕಾರ ಡಾಕ್ಟ್ರೇ. ನಮ್ಮ ಊರಕೋಳಿ ಕಾವಿಗೆ ಕೂತು ಒಂಬತ್ತು ಮರಿ ಮಾಡಿದೆ. ಈಗ ಐದು ವಾರ ಆಯ್ತು. ಒಂದು ಹುಂಜ ದೈವಕ್ಕೆ ಹೇಳಿಕೊಂಡದ್ದುಂಟು, ಹೇಂಟೆಗಳನ್ನು ಮೊಟ್ಟೆಗೆ ಇಟ್ಟುಕೊಳ್ಳಬೇಕು, ಉಳಿದದ್ದನ್ನು ಮಾರಬೇಕು. ಕಾಲು ಹಿಡಿದು ತಲೆಕೆಳಗೆ ಮಾಡಿದರೆ ಗೊತ್ತಾಗ್ತದೆ ಅಂತಾರೆ ಅತ್ತೆ. ತಲೆ ಎತ್ತಿದರೆ ಹುಂಜ, ಜೋತುಬಿದ್ದರೆ ಹೇಂಟೆಯಂತೆ. ನಿಜವಾ?

ಉತ್ತರ: ಇಲ್ಲಮ್ಮ. ಅದೇ ಮರಿಯನ್ನು ಸಂಜೆ ಇನ್ನೊಮ್ಮೆ ಹಿಡಿದು ನೋಡಿ, ಉತ್ತರ ಬದಲಾದರೂ ಆಗಬಹುದು. ಸುಮ್ನೆ ಮರಿಗೆ ಹಿಂಸೆ.

ಐದು ವಾರಕ್ಕೆ ನೋಡಬೇಕಾದದ್ದು ಜುಟ್ಟು. ಒಂದೇ ಕಾವಿನ ಮರಿಗಳನ್ನು ಒಟ್ಟಿಗೆ ಬಿಟ್ಟು ಹೋಲಿಸಿ. ಜುಟ್ಟು ದಪ್ಪವಾಗಿ ಕೆಂಪೇರುತ್ತಿದ್ದರೆ, ಕಾಲು ಗಟ್ಟಿಯಾಗಿದ್ದರೆ ಹುಂಜ ಇರಬಹುದು. ಹೇಂಟೆಯ ಜುಟ್ಟು ಇನ್ನೂ ಚಿಕ್ಕದಾಗಿ, ಹಳದಿ ಇಲ್ಲವೇ ತಿಳಿಗುಲಾಬಿ ಬಣ್ಣದಲ್ಲಿರುತ್ತದೆ. ಆದರೆ ಇದರ ಮೇಲೆ ವ್ಯಾಪಾರ ಮಾಡಬೇಡಿ.

ನಾನು ನಂಬುವುದು ಸೊಂಟದ ಗರಿಯನ್ನು. ಹತ್ತು–ಹನ್ನೆರಡು ವಾರ ಆಗಲಿ. ಮರಿಯನ್ನು ಬೆಳಕಿಗೆ ಹಿಡಿದು, ಬಾಲ ಶುರುವಾಗುವ ಜಾಗಕ್ಕಿಂತ ಸ್ವಲ್ಪ ಮುಂದೆ ಬೆರಳಿನಿಂದ ಗರಿ ಬಿಡಿಸಿ. ಹೇಂಟೆಯ ಗರಿಯ ತುದಿ ಉರುಟಾಗಿರುತ್ತದೆ. ಹುಂಜದಲ್ಲಿ ಹಳೆಯ ಉರುಟು ಗರಿಗಳ ಮಧ್ಯೆ ಸಪೂರ, ಚೂಪು, ಹೊಳೆಯುವ ಗರಿ ಹೊಸದಾಗಿ ಇಣುಕುತ್ತಿರುತ್ತದೆ. ಅಂಥ ನಾಲ್ಕೈದು ಗರಿ ಕಂಡರೆ ಸಾಕು, ಹುಂಜವೇ. ಕುತ್ತಿಗೆಯ ಗರಿಯೂ ಹೀಗೆಯೇ ಚೂಪಾಗುತ್ತದೆ. ಆದರೆ ಬೋಳು ಕುತ್ತಿಗೆಯ ಕೋಳಿ ಇದ್ದರೆ ಅಲ್ಲಿ ನೋಡಲಿಕ್ಕೆ ಏನಿದೆ? ಸೊಂಟವೇ ಗತಿ.

ಪ್ರಶ್ನೆ (ಕಾರ್ಕಳ): ಒಂದು ದಿನದ ಮರಿಯನ್ನೇ ಹಾರಿಸಿ ಹಿಡಿದು, ರೆಕ್ಕೆ ಬಿಡಿಸಿ ಹೇಳುವ ವಿಡಿಯೋ ನೋಡಿದೆ ಸರ್. ನಾನೂ ಮಾಡಬಹುದಾ?

ಉತ್ತರ: ರೆಕ್ಕೆಯ ಲೆಕ್ಕ ಸುಳ್ಳಲ್ಲ, ಆದರೆ ಅದು ಬೇಕೆಂದೇ ಹಾಗೆ ಅಡ್ಡತಳಿ ಮಾಡಿದ ಮರಿಗಳಿಗೆ ಮಾತ್ರ. ಗರಿ ಬೇಗ ಬರುವ ಹುಂಜಕ್ಕೆ ಗರಿ ತಡವಾಗಿ ಬರುವ ಹೇಂಟೆಯನ್ನು ಜೋಡಿ ಮಾಡಿದರೆ, ಹೆಣ್ಣು ಮರಿಯ ರೆಕ್ಕೆಯಲ್ಲಿ ಕೆಳಸಾಲಿನ ಗರಿ ಮೇಲ್ಸಾಲಿಗಿಂತ ಉದ್ದ ಇರುತ್ತದೆ. ಗಂಡಿನಲ್ಲಿ ಎರಡೂ ಸಮ. ಅದೂ ಮೊದಲ ಒಂದೆರಡು ದಿನ ಮಾತ್ರ ಗೊತ್ತಾಗುತ್ತದೆ. ಊರಕೋಳಿಯಲ್ಲಿ ಅಪ್ಪ ಯಾರು ಅಂತಲೇ ಗ್ಯಾರಂಟಿ ಇಲ್ಲ, ಅಲ್ವಾ?

ಹ್ಯಾಚರಿಗಳಲ್ಲಿ ಗುದದ್ವಾರ ಬಿಡಿಸಿ ನೋಡುವ ಕ್ರಮವೂ ಇದೆ. 1920ರ ದಶಕದಲ್ಲಿ ಜಪಾನಿನವರು ಬೆಳೆಸಿದ ವಿದ್ಯೆ. ಒಳಗೆ ಸಾಸಿವೆಗಿಂತ ಸಣ್ಣ ಗುಬುಟು ಇದೆಯಾ ಅಂತ ನೋಡುವುದು. ಕೆಲವು ಹೆಣ್ಣು ಮರಿಗಳಲ್ಲೂ ಅಂಥದ್ದೇ ಇರುವುದರಿಂದ ತುಂಬಾ ಅಭ್ಯಾಸ ಬೇಕು. ಮನೆಯಲ್ಲಿ ಮಾಡಲು ಹೋಗಬೇಡಿ. ಒತ್ತಿದ್ದು ಜಾಸ್ತಿಯಾದರೆ ಮರಿ ಸಾಯುತ್ತದೆ.

ಪ್ರಶ್ನೆ (ಸುರತ್ಕಲ್): ಚೂಪು ಮೊಟ್ಟೆ ಇಟ್ಟರೆ ಹುಂಜ, ಉರುಟಿಗೆ ಹೇಂಟೆ ಅಂತ ಅಜ್ಜಿ ಆರಿಸಿ ಕಾವಿಗೆ ಇಡ್ತಿದ್ರು.

ಉತ್ತರ: ಅಜ್ಜಿ ಆರಿಸಿದ್ದರಲ್ಲೂ ಸುಮಾರು ಅರ್ಧಕ್ಕರ್ಧವೇ ಆಗಿರುತ್ತದೆ. ಮರಿ ಗಂಡೋ ಹೆಣ್ಣೋ ಅನ್ನುವುದು ಚಿಪ್ಪು ಕಟ್ಟುವ ಮೊದಲೇ ತೀರ್ಮಾನ ಆಗಿರುತ್ತದೆ. ಮನುಷ್ಯರಲ್ಲಿ ಅದು ಅಪ್ಪನ ಕಡೆಯಿಂದ, ಕೋಳಿಯಲ್ಲಿ ತಾಯಿಯ ಕಡೆಯಿಂದ. ಹಾಗಾಗಿ ಬರೀ ಹುಂಜವೇ ಬಂತು ಅಂತ ಅಪ್ಪ ಹುಂಜಕ್ಕೆ ಬೈದು ಪ್ರಯೋಜನ ಇಲ್ಲ.

ಪ್ರಶ್ನೆ (ಬ್ರಹ್ಮಾವರ): ಡಾಕ್ಟ್ರೇ, ಇನ್ನೊಂದು. ಪಕ್ಕದ ಮನೆಯಲ್ಲಿ ಕಡಕ್‌ನಾಥ್ ಮರಿ ಉಂಟು. ಜುಟ್ಟು ಕೆಂಪಾಗಲೇ ಇಲ್ಲ, ಎಲ್ಲಾ ಹೇಂಟೆ ಅಂತ ಅವರಿಗೆ ಖುಷಿ.

ಉತ್ತರ: ಖುಷಿ ಸ್ವಲ್ಪ ತಡೆಯಲಿ! ಕಡಕ್‌ನಾಥ್ ಜುಟ್ಟೇ ಕಪ್ಪು. ಅಲ್ಲಿ ಬಣ್ಣ ಬಿಟ್ಟು ಗಾತ್ರ ನೋಡಬೇಕು, ಆಮೇಲೆ ಸೊಂಟದ ಗರಿ. ನಿಮ್ಮದರಲ್ಲಿ ಮಾರುವುದಿದ್ದರೆ ಮೂರು ತಿಂಗಳು ತುಂಬಿದ ಮೇಲೆ ಮಾರಿ. ದೈವಕ್ಕೆ ಹೇಳಿದ್ದನ್ನು ಕೂಗಿದ ಮೇಲೆಯೇ ಆರಿಸಿ ಇಡಿ.