ಪಿಮ್ ಫೋರ್ಟೌನ್: ಮಾರ್ಕ್ಸ್ ಪಾಠ ಮಾಡುತ್ತಿದ್ದವರು ಇತ್ತ ಬಂದದ್ದು ಹೇಗೆ?

ಕುತೂಹಲಿ:
ನೆದರ್‌ಲ್ಯಾಂಡ್ಸ್‌ನ ಪಿಮ್ ಫೋರ್ಟೌನ್ ಬಗ್ಗೆ ಓದುತ್ತಿದ್ದೇನೆ. ಗ್ರೋನಿಂಗನ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ಸ್‌ವಾದಿ ಸಮಾಜಶಾಸ್ತ್ರ ಹೇಳಿಕೊಡುತ್ತಿದ್ದವರು, ಲೇಬರ್ ಪಕ್ಷದ ಸದಸ್ಯರೂ ಆಗಿದ್ದವರು. 2002ಕ್ಕೆ ಬಂದರೆ ವಲಸೆ ನಿಲ್ಲಿಸಿ ಅನ್ನುವವರ ನಾಯಕ. ಮನಸ್ಸು ನಿಜವಾಗಿ ಬದಲಾಯಿತಾ, ಇಲ್ಲಾ ಸುಮ್ನೆ ಓಟಿಗಾಗಿ ಆಡಿದ ಆಟವಾ?

ಗಾಳಿಯಂತ್ರ:
ಆಟ ಅಂತ ನನಗೆ ಅನ್ನಿಸುವುದಿಲ್ಲ. ಓಟು ಕೇಳುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಎಲ್ಸೆವಿಯರ್ ವಾರಪತ್ರಿಕೆಯ ಅಂಕಣದಲ್ಲಿ ಇದನ್ನೇ ಬರೆಯುತ್ತಿದ್ದರು, ಇಸ್ಲಾಮೀಕರಣದ ವಿರುದ್ಧ ಪುಸ್ತಕ ಬಂದದ್ದೂ 1997ರಲ್ಲೇ. ಲೇಬರ್ ಪಕ್ಷವನ್ನು 1989ರಲ್ಲಿ ಬಿಟ್ಟಿದ್ದರು. ರೋಟರ್‌ಡ್ಯಾಮ್‌ಗೆ ಹೋಗಿ ವಿದ್ಯಾರ್ಥಿಗಳ ಪ್ರಯಾಣದ ಪಾಸ್ ಕೊಡುವ ಕಂಪನಿ ನಡೆಸಿದರು, ಎರಾಸ್ಮಸ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಕೂಡ ಆದರು. ಬರೀ ಬಲಪಂಥೀಯ ಅಂದುಬಿಟ್ಟರೂ ತಪ್ಪಾಗುತ್ತದೆ. ತಾನು ಸಲಿಂಗಿ ಅಂತ ಬಹಿರಂಗವಾಗಿ ಹೇಳಿಕೊಂಡವರು. ಸಲಿಂಗಿಗಳು, ಹೆಂಗಸರು ಗಳಿಸಿದ ಸ್ವಾತಂತ್ರ್ಯಕ್ಕೆ ಇಸ್ಲಾಂನಿಂದ ಅಪಾಯ ಅನ್ನುವುದು ಅವರ ವಾದ.

ಮತಪೆಟ್ಟಿಗೆ:
ಕೇಳೋಕೆ ಚೆನ್ನಾಗಿದೆ, ಆದರೆ ಹಾಗೆ ಹೇಳಿ ಒಂದಿಡೀ ಸಮುದಾಯವನ್ನೇ ಕಟಕಟೆಗೆ ನಿಲ್ಲಿಸಿದರು ಅಲ್ವಾ? ಫೆಬ್ರವರಿ 2002ರ ಫೋಕ್ಸ್‌ಕ್ರಾಂಟ್ ಪತ್ರಿಕೆಯ ಸಂದರ್ಶನ ನೋಡಿ. ಇಸ್ಲಾಂ ಹಿಂದುಳಿದ ಸಂಸ್ಕೃತಿ ಅಂದರು, ತಾರತಮ್ಯ ಬೇಡ ಅನ್ನುವ ಸಂವಿಧಾನದ 1ನೇ ಕಲಮನ್ನೇ ತೆಗೆದುಹಾಕುವುದು ಒಳ್ಳೆಯದು ಅಂದರು. ಅವರನ್ನು ಮುಂದಿಟ್ಟುಕೊಂಡು ಚುನಾವಣೆಗೆ ಹೊರಟಿದ್ದ ಲೇಫ್‌ಬಾರ್ ನೆದರ್‌ಲ್ಯಾಂಡ್ ಪಕ್ಷವೇ ಕೈಬಿಟ್ಟಿತು. ಅದಕ್ಕೇನೂ ಕುಗ್ಗಲಿಲ್ಲ ಬಿಡಿ, ಕೆಲವೇ ದಿನಗಳಲ್ಲಿ ಸ್ವಂತ ಹೆಸರಿನ ಪಕ್ಷ ಕಟ್ಟಿದರು. ಮಾರ್ಚ್‌ನಲ್ಲಿ, ಲೇಬರ್ ಪಕ್ಷದ ಕೋಟೆಯಾಗಿದ್ದ ರೋಟರ್‌ಡ್ಯಾಮ್‌ನ ನಗರಸಭೆಯಲ್ಲಿ ಅವರ ಸ್ಥಳೀಯ ಪಕ್ಷಕ್ಕೆ 45ರಲ್ಲಿ 17 ಸೀಟು.

ಕುತೂಹಲಿ:
ಅಷ್ಟೊಂದು ಓಟು ಎಲ್ಲಿಂದ ಬಂತು? ದೇಶದಲ್ಲಿ ಆಗ ಆರ್ಥಿಕ ಪರಿಸ್ಥಿತಿ ಚೆನ್ನಾಗೇ ಇತ್ತಲ್ಲ.

ಗಾಳಿಯಂತ್ರ:
ಆಗಿನ ಪ್ರಧಾನಿ ವಿಮ್ ಕೋಕ್ ಸರ್ಕಾರದಲ್ಲಿ ಹುಡುಕಿ. ಎಡದ ಲೇಬರ್, ಬಲದ ವಿವಿಡಿ ಎರಡೂ ಪಕ್ಷಗಳು ಎಂಟು ವರ್ಷ ಒಂದೇ ಸರ್ಕಾರದಲ್ಲಿ ಕೂತಿದ್ದವು. ಆಸ್ಪತ್ರೆಯಲ್ಲಿ ಸರದಿಗೆ ಕಾಯುವವನಿಗೆ, ತನ್ನ ಬೀದಿ ಬದಲಾಗಿದ್ದಕ್ಕೆ ಸಿಟ್ಟಾದವನಿಗೆ ಯಾರಿಗೆ ಓಟು ಹಾಕಿದರೂ ಅದೇ ಗುಂಪು. ಆ ಸಿಟ್ಟಿಗೆ ದನಿಯಾಗುವವರ ಜಾಗ ಖಾಲಿ ಇತ್ತು, ಫೋರ್ಟೌನ್ ಬಂದು ಕೂತರು. ವಲಸೆಯ ಮಾತು ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ, ಆದರೆ ಇದರ ಬಗ್ಗೆ ಮಾತಾಡುವವರು ಕಡಿಮೆ.

ಮತಪೆಟ್ಟಿಗೆ:
ಇದನ್ನು ಒಪ್ಪುತ್ತೇನೆ. ಮೇ 6ರಂದು ಹಿಲ್ವರ್ಸಮ್‌ನಲ್ಲಿ ರೇಡಿಯೋ ಸಂದರ್ಶನ ಮುಗಿಸಿ ಹೊರಬಂದಾಗ ಫೋರ್ಟೌನ್ ಅವರನ್ನು ಒಬ್ಬ ಪರಿಸರ ಹೋರಾಟಗಾರ ಗುಂಡು ಹೊಡೆದು ಕೊಂದ. ಒಂಬತ್ತು ದಿನದ ನಂತರ ಚುನಾವಣೆ. ನಾಯಕನಿಲ್ಲದ ಪಕ್ಷಕ್ಕೆ 150ರಲ್ಲಿ 26 ಸೀಟು ಬಂದವು, ಸರ್ಕಾರಕ್ಕೂ ಸೇರಿತು. ಆಮೇಲೆ ಅದರ ಮಂತ್ರಿಗಳೇ ಕಿತ್ತಾಡಿಕೊಂಡು 87 ದಿನಕ್ಕೆ ಸರ್ಕಾರ ಬಿತ್ತು. 2003ರಲ್ಲಿ 8 ಸೀಟು, 2006ರಲ್ಲಿ ಒಂದೂ ಇಲ್ಲ.