ಜಿಮ್ ಸೈಮನ್ಸ್: ಗಣಿತವನ್ನು ಬಿಟ್ಟು ಹೋದರೇ, ಗಣಿತವನ್ನೇ ಮಾರುಕಟ್ಟೆಗೆ ಒಯ್ದರೇ?

ಪ್ರಶ್ನೆ ಕೇಳಿದವರು: ಗಣಿತ ವಿದ್ಯಾರ್ಥಿ

ರೇಖಾಗಣಿತದ ಚರ್ನ್-ಸೈಮನ್ಸ್ ಸಿದ್ಧಾಂತದ ಬಗ್ಗೆ ಓದುತ್ತಿದ್ದಾಗ, ಆ ಜೋಡಿ ಹೆಸರಿನ ಎರಡನೆಯ ವ್ಯಕ್ತಿಯೇ ಮುಂದೆ ರಿನೇಸಾನ್ಸ್ ಟೆಕ್ನಾಲಜೀಸ್ ಎಂಬ ಹೆಡ್ಜ್ ಫಂಡ್ (ಶ್ರೀಮಂತ ಹೂಡಿಕೆದಾರರ ಹಣವನ್ನು ಮಾರುಕಟ್ಟೆಯಲ್ಲಿ ತೊಡಗಿಸುವ ನಿಧಿ) ಸಂಸ್ಥೆಯನ್ನು ಕಟ್ಟಿದರೆಂದೂ, 2024ರ ಮೇ 10ರಂದು ತಮ್ಮ 86ನೆಯ ವಯಸ್ಸಿನಲ್ಲಿ ತೀರಿಕೊಂಡಾಗ 3,000 ಕೋಟಿ ಡಾಲರಿಗೂ ಮಿಕ್ಕ ಆಸ್ತಿಯ ಒಡೆಯರಾಗಿದ್ದರೆಂದೂ ತಿಳಿಯಿತು. ವೃತ್ತಿಯ ಉತ್ತುಂಗದಲ್ಲಿದ್ದ ಪ್ರಾಧ್ಯಾಪಕರೊಬ್ಬರು ನಲವತ್ತನೆಯ ವಯಸ್ಸಿನಲ್ಲಿ ವಿಶ್ವವಿದ್ಯಾಲಯವನ್ನು ಬಿಟ್ಟು ಸರಕು ಮತ್ತು ಕರೆನ್ಸಿಗಳ ವ್ಯಾಪಾರಕ್ಕೆ ಇಳಿಯಲು ಕಾರಣವೇನು? ಅವರ ರೇಖಾಗಣಿತವೇ ಅವರಿಗೆ ಆ ಸಂಪತ್ತನ್ನು ತಂದುಕೊಟ್ಟಿತೆಂದು ಹಲವರು ಬರೆಯುತ್ತಾರೆ, ಅದು ನಿಜವೇ? ಅವರ ಮೆಡಾಲಿಯನ್ ಫಂಡ್ ಮೂವತ್ತು ವರ್ಷಗಳ ಕಾಲ ವರ್ಷಕ್ಕೆ ಸರಾಸರಿ ಶೇ 66ರಷ್ಟು ಗಳಿಸಿತೆಂಬ ಅಂಕಿಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಅಧ್ಯಾಪಕಿ

ನಾನು ರೇಖಾಗಣಿತವನ್ನು ಪಾಠ ಮಾಡಿದವಳು, ಹಣಕಾಸಿನ ಜಗತ್ತನ್ನು ಹೊರಗಿನಿಂದಷ್ಟೇ ನೋಡಿದವಳು. ಆದ್ದರಿಂದ ನಿಮ್ಮ ಮೊದಲೆರಡು ಪ್ರಶ್ನೆಗಳಿಗೆ ಮಾತ್ರ ಉತ್ತರಿಸುತ್ತೇನೆ.

ಸೈಮನ್ಸ್ ಹುಟ್ಟಿದ್ದು 1938ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ. ಎಂಐಟಿಯಲ್ಲಿ ಪದವಿ ಮುಗಿಸಿ, 23ನೆಯ ವಯಸ್ಸಿಗೇ ಬರ್ಕ್ಲಿಯಲ್ಲಿ ಡಾಕ್ಟರೇಟ್ ಪಡೆದರು. 1964ರಲ್ಲಿ ಅವರು ಪ್ರಿನ್ಸ್‌ಟನ್ನಿನಲ್ಲಿದ್ದ ರಕ್ಷಣಾ ವಿಶ್ಲೇಷಣಾ ಸಂಸ್ಥೆಯನ್ನು ಸೇರಿ ಶತ್ರು ಸಂದೇಶಗಳ ಗೂಢಲಿಪಿಯನ್ನು ಒಡೆಯುವ ಕೆಲಸ ಮಾಡಿದರು. ಅವರ ಜೀವನದ ಈ ನಾಲ್ಕು ವರ್ಷಗಳನ್ನು ಬಹಳ ಮಂದಿ ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಎಲ್ಲವೂ ಮೊಳೆತದ್ದು ಇಲ್ಲಿಯೇ. ಗದ್ದಲದಂತೆ ಕಾಣುವ ಅಕ್ಷರರಾಶಿಯೊಳಗೆ ಅಡಗಿರುವ ಕ್ರಮವನ್ನು ಸಂಖ್ಯಾಶಾಸ್ತ್ರದ ಬಲದಿಂದ ಹುಡುಕುವುದು, ಊಹೆಯನ್ನು ಕಂಪ್ಯೂಟರಿನಲ್ಲಿ ಕೂಡಲೇ ಪರೀಕ್ಷಿಸುವುದು, ಸೋತ ಊಹೆಯನ್ನು ಮರುಕವಿಲ್ಲದೆ ಕೈಬಿಡುವುದು, ಅರ್ಧಂಬರ್ಧ ಆಲೋಚನೆಯನ್ನೂ ಸಹೋದ್ಯೋಗಿಗಳ ಮುಂದಿಡುವುದು ಅಲ್ಲಿನ ಪದ್ಧತಿಯಾಗಿತ್ತು. ಅಲ್ಲಿಯೇ ಅವರು ಗಣಿತಜ್ಞ ಲೆನರ್ಡ್ ಬಾಮ್ ಮೊದಲಾದವರೊಂದಿಗೆ ಸೇರಿ, ಶೇರು ಮಾರುಕಟ್ಟೆಯನ್ನು ಕಣ್ಣಿಗೆ ಕಾಣದ ಕೆಲವು ಸ್ಥಿತಿಗಳ ನಡುವೆ ಓಡಾಡುವ ವ್ಯವಸ್ಥೆಯೆಂದು ಭಾವಿಸಿ ವಿಶ್ಲೇಷಿಸಬಹುದೆಂಬ ಆಂತರಿಕ ವರದಿಯೊಂದನ್ನೂ ಬರೆದಿದ್ದರು.

ಅಲ್ಲಿಂದ ಅವರು ಹೊರಬಿದ್ದ ಬಗೆಯನ್ನೂ ಹೇಳಬೇಕು. ವಿಯೆಟ್ನಾಂ ಯುದ್ಧವನ್ನು ಸಮರ್ಥಿಸಿದ ಲೇಖನವೊಂದನ್ನು ಸಂಸ್ಥೆಯ ಅಧ್ಯಕ್ಷರಾದ ಜನರಲ್ ಮ್ಯಾಕ್ಸ್‌ವೆಲ್ ಟೇಲರ್ ಬರೆದಾಗ, ಸೈಮನ್ಸ್ ಅದನ್ನು ವಿರೋಧಿಸಿ ಪತ್ರಿಕೆಗೆ ಪತ್ರ ಬರೆದರು. ಆಮೇಲೆ ವರದಿಗಾರರೊಬ್ಬರಿಗೆ, ಯುದ್ಧ ಮುಗಿಯುವವರೆಗೆ ತಾವು ತಮ್ಮ ಗಣಿತವನ್ನಷ್ಟೇ ಮಾಡುವುದಾಗಿ ಹೇಳಿ, ಆ ಮಾತನ್ನು ಮೇಲಧಿಕಾರಿಗೂ ತಾವೇ ತಿಳಿಸಿದರು. ಕೆಲಸ ಹೋಯಿತು. ಮೂವತ್ತರ ಹರೆಯದಲ್ಲಿ, ಸಂಸಾರವಿದ್ದವರು, ಹೀಗೆ ನಡೆದುಕೊಂಡದ್ದು ನನಗೆ ಅವರ ಸಂಪತ್ತಿಗಿಂತ ಹೆಚ್ಚಿನ ಸಂಗತಿಯಾಗಿ ಕಾಣುತ್ತದೆ.

1968ರಲ್ಲಿ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯ ಅವರನ್ನು ಗಣಿತ ವಿಭಾಗದ ಮುಖ್ಯಸ್ಥರನ್ನಾಗಿ ಕರೆಯಿತು. ಹೆಸರಿಲ್ಲದ ವಿಭಾಗವೊಂದಕ್ಕೆ ಅವರು ಒಬ್ಬೊಬ್ಬರಾಗಿ ಪ್ರತಿಭಾವಂತರನ್ನು ಕರೆತಂದು ಅದನ್ನು ರೇಖಾಗಣಿತದ ಪ್ರಮುಖ ಕೇಂದ್ರವನ್ನಾಗಿ ಮಾಡಿದರು. ಶೀಂಗ್-ಶೆನ್ ಚರ್ನ್ ಅವರೊಂದಿಗಿನ ಪ್ರಬಂಧ ಪ್ರಕಟವಾದದ್ದು 1974ರಲ್ಲಿ. ರೇಖಾಗಣಿತದ ದೊಡ್ಡ ಗೌರವವಾದ ವೆಬ್ಲೆನ್ ಪ್ರಶಸ್ತಿ ಬಂದದ್ದು 1976ರಲ್ಲಿ. ಆ ಪ್ರಬಂಧವು ಹದಿನೈದು ವರ್ಷಗಳ ಬಳಿಕ ಭೌತವಿಜ್ಞಾನಿ ಎಡ್ವರ್ಡ್ ವಿಟನ್ ಅವರ ಕೈಯಲ್ಲಿ ಗಂಟುಗಳ ಗಣಿತಕ್ಕೂ ಕ್ವಾಂಟಮ್ ಕ್ಷೇತ್ರ ಸಿದ್ಧಾಂತಕ್ಕೂ ಸೇತುವೆಯಾಗುತ್ತದೆಂದು ಬರೆದವರಿಗೇ ಗೊತ್ತಿರಲಿಲ್ಲ.

ಇನ್ನು ಬಿಟ್ಟುಹೋದ ಕಾರಣ. ಒಂದು ಗಣಿತ ಸಮಸ್ಯೆಯಲ್ಲಿ ಎರಡು ವರ್ಷ ಸಿಲುಕಿ ಫಲ ಕಾಣದೆ ಅವರು ಬೇಸತ್ತಿದ್ದರು; ಇತ್ತ ಗೆಳೆಯರ ಉದ್ಯಮದಲ್ಲಿ ಹೂಡಿದ್ದ ಹಣ ಬೆಳೆದು ವ್ಯಾಪಾರದ ರುಚಿ ಹತ್ತಿತ್ತು. 1978ರಲ್ಲಿ ಲಾಂಗ್ ಐಲೆಂಡಿನ ಸೆಟಾಕೆಟ್‌ನಲ್ಲಿ, ಸಾಲು ಅಂಗಡಿಗಳ ನಡುವೆ, ಮಾನೆಮೆಟ್ರಿಕ್ಸ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ನಾಲ್ಕು ವರ್ಷಗಳ ನಂತರ ಅದೇ ರಿನೇಸಾನ್ಸ್ ಆಯಿತು.

ಅವರ ರೇಖಾಗಣಿತ ಅವರನ್ನು ಶ್ರೀಮಂತರನ್ನಾಗಿಸಿತೆಂಬುದು ಸರಿಯಲ್ಲ. ಅವರ ರೇಖಾಗಣಿತದ ವಿಷಯವಾದ ಲಕ್ಷಣ ವರ್ಗಗಳಿಗೂ ಗೋಧಿಯ ಫ್ಯೂಚರ್ಸ್ (ಮುಂದಿನ ದಿನಾಂಕದ ಕೊಳ್ಳುಮಾರಿಗೆ ಇಂದೇ ಬೆಲೆ ಗೊತ್ತುಮಾಡುವ ಒಪ್ಪಂದ) ಬೆಲೆಗೂ ಯಾವ ನಂಟೂ ಇಲ್ಲ. ಆರಂಭದ ವರ್ಷಗಳಲ್ಲಿ ಅವರೂ ಬಾಮ್ ಅವರೂ ಬಹುಮಟ್ಟಿಗೆ ಸುದ್ದಿ ಓದಿ, ಅಂತಃಪ್ರೇರಣೆಯಿಂದಲೇ ವ್ಯಾಪಾರ ಮಾಡುತ್ತಿದ್ದರು. ಗಳಿಕೆಯ ಜೊತೆ ಹೊಟ್ಟೆ ಕಿವುಚುವಂಥ ನಷ್ಟಗಳೂ ಬಂದವು. ಅವರ ಜೊತೆ ಬಂದದ್ದು ಗೂಢಲಿಪಿ ಒಡೆಯುವವರ ಶಿಸ್ತು ಮತ್ತು ಸ್ಟೋನಿ ಬ್ರೂಕ್‌ನಲ್ಲಿ ಕಲಿತ, ತಮಗಿಂತ ಬಲ್ಲವರನ್ನು ಕೂಡಿಸಿ ಅವರನ್ನು ಬಿಡುಬೀಸಾಗಿ ದುಡಿಯಲು ಬಿಡುವ ಗುಣ.

ಉತ್ತರ: ಸಂಖ್ಯಾಶಾಸ್ತ್ರಜ್ಞ

ಮೇಲಿನ ಉತ್ತರವನ್ನು ಒಪ್ಪುತ್ತೇನೆ. ಶೇ 66ರ ಅಂಕಿಯ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಅದನ್ನು ಹೆಚ್ಚಿನವರು ತಪ್ಪಾಗಿ ಓದುತ್ತಾರೆ.

ಮೆಡಾಲಿಯನ್ ಫಂಡ್ ಆರಂಭವಾದದ್ದು 1988ರಲ್ಲಿ. ಸೈಮನ್ಸ್ ಮತ್ತು ಅವರ ಪಾಲುದಾರ ಜೇಮ್ಸ್ ಆಕ್ಸ್ ಪಡೆದಿದ್ದ ಗಣಿತ ಪದಕಗಳ ನೆನಪಿಗೆ ಆ ಹೆಸರು. ಮರುವರ್ಷವೇ ಫಂಡ್ ನಷ್ಟಕ್ಕೆ ಬಿದ್ದು, ವ್ಯಾಪಾರ ನಿಲ್ಲಿಸುವ ವಿಚಾರದಲ್ಲಿ ಭಿನ್ನಾಭಿಪ್ರಾಯ ಬೆಳೆದು ಆಕ್ಸ್ ಹೊರನಡೆದರು. ಆಗ ಬಂದವರು ಎಲ್ವಿನ್ ಬರ್ಲೆಕ್ಯಾಂಪ್, ಆಟಗಳ ಗಣಿತ ಮತ್ತು ಸಂಕೇತ ಸಿದ್ಧಾಂತದ ದೊಡ್ಡ ವಿದ್ವಾಂಸರು. ವಾರಗಟ್ಟಲೆ ಇಟ್ಟುಕೊಳ್ಳುವ ಸ್ಥಾನಗಳನ್ನು (ಕೊಂಡು ಅಥವಾ ಮಾರಿ ಹಿಡಿದಿಟ್ಟ ಹೂಡಿಕೆಗಳನ್ನು) ಕೈಬಿಟ್ಟು, ಅಲ್ಪಾವಧಿಯ ಬಹುಸಂಖ್ಯೆಯ ವ್ಯಾಪಾರಗಳಿಗೆ ಹೋಗಬೇಕೆಂಬುದು ಅವರ ನಿಲುವಾಗಿತ್ತು. 1990ರಲ್ಲಿ ಫಂಡ್ ಶುಲ್ಕ ಕಳೆದು ಸುಮಾರು ಶೇ 56ರಷ್ಟು ಗಳಿಸಿತು.

ಈ ಬದಲಾವಣೆಯ ಬಲವನ್ನು ಒಂದು ನಾಣ್ಯದಿಂದ ವಿವರಿಸಬಹುದು. ನೂರಕ್ಕೆ 51 ಬಾರಿ ನಿಮ್ಮ ಪರವಾಗಿ ಬೀಳುವ ನಾಣ್ಯವಿದೆಯೆಂದು ಇಟ್ಟುಕೊಳ್ಳಿ. ಅದನ್ನು 100 ಸಲ ಚಿಮ್ಮಿದರೆ, ಒಟ್ಟಿನಲ್ಲಿ ನೀವು ಸೋತು ಏಳುವ ಸಂಭವ ಇನ್ನೂ ಶೇ 38ರಷ್ಟಿರುತ್ತದೆ; ಅದೇ ನಾಣ್ಯವನ್ನು 10,000 ಸಲ ಚಿಮ್ಮಿದರೆ ಆ ಸಂಭವ ಶೇ 2ರ ಆಸುಪಾಸಿಗೆ ಇಳಿಯುತ್ತದೆ. ಮೆಡಾಲಿಯನ್ನಿನ ಜಾಣತನ ಸರಿಸುಮಾರು ಅರ್ಧಕ್ಕಿಂತ ತುಸು ಹೆಚ್ಚು ಬಾರಿ ಸರಿಯಾಗುವುದಷ್ಟೇ. ಆದರೆ ಅದನ್ನು ದಿನಕ್ಕೆ ಸಾವಿರಗಟ್ಟಲೆ ಬಾರಿ, ಒಂದಕ್ಕೊಂದು ಸಂಬಂಧವಿರದ ವ್ಯಾಪಾರಗಳಲ್ಲಿ ಮಾಡುವುದು, ಗೆಲುವು ಸಾಕಷ್ಟು ಸ್ಥಿರವಾದ ಮೇಲೆ ಅದರ ಮೇಲೆ ಬ್ಯಾಂಕುಗಳಿಂದ ಹಲವು ಪಟ್ಟು ಸಾಲ ತಂದು ಹೂಡುವುದು. ಇದು ನಡೆಯಬೇಕಾದರೆ ಪ್ರತಿ ವ್ಯಾಪಾರದ ಖರ್ಚು ಆ ಸಣ್ಣ ಲಾಭವನ್ನು ನುಂಗಬಾರದು. ದೊಡ್ಡ ಮೊತ್ತದಲ್ಲಿ ಕೊಳ್ಳಹೋದರೆ ಕೊಳ್ಳುವ ಕ್ರಿಯೆಯೇ ಬೆಲೆಯನ್ನು ಏರಿಸುತ್ತದೆ; ಈ ಏರಿಕೆಯನ್ನು ನಿಖರವಾಗಿ ಅಂದಾಜು ಮಾಡುವುದರಲ್ಲಿ ಆ ಸಂಸ್ಥೆ ಎಲ್ಲರಿಗಿಂತ ಮುಂದಿತ್ತೆಂದು ನಾನು ಭಾವಿಸುತ್ತೇನೆ. 1993ರಲ್ಲಿ ಐಬಿಎಂನ ಧ್ವನಿ ಗುರುತಿಸುವಿಕೆಯ ತಂಡದಿಂದ ಬಂದ ಪೀಟರ್ ಬ್ರೌನ್ ಮತ್ತು ರಾಬರ್ಟ್ ಮರ್ಸರ್ ಈ ಖರ್ಚುಗಳನ್ನೆಲ್ಲ ಒಳಗೊಂಡ ಒಂದೇ ಸಮಗ್ರ ವ್ಯವಸ್ಥೆಯನ್ನು ಶೇರುಗಳಿಗಾಗಿ ಕಟ್ಟಿದರು. ಮಾತಿನ ಮುಂದಿನ ಪದವನ್ನು ಊಹಿಸುವ ಗಣಿತ ಮುಂದಿನ ಬೆಲೆಯನ್ನು ಊಹಿಸಲು ಒದಗಿತು.

ಇಷ್ಟು ಬಲ್ಲವರು ಜಗತ್ತಿನ ಹಣವನ್ನೆಲ್ಲ ಏಕೆ ಗಳಿಸಲಿಲ್ಲವೆಂದು ಕೇಳಬಹುದು. ಇಂಥ ಸಣ್ಣ ಅವಕಾಶಗಳು ದೊಡ್ಡ ಮೊತ್ತವನ್ನು ತಾಳುವುದಿಲ್ಲ. ಫಂಡನ್ನು ಸುಮಾರು 1,000 ಕೋಟಿ ಡಾಲರಿನ ಆಸುಪಾಸಿಗೆ ಮಿತಿಗೊಳಿಸಿ, ಅದಕ್ಕಿಂತ ಹೆಚ್ಚಿನ ಲಾಭವನ್ನು ಹೂಡಿಕೆದಾರರಿಗೆ ಹಂಚುತ್ತಿದ್ದರು. ಆದ್ದರಿಂದ ಶೇ 66ನ್ನು ಮೂವತ್ತು ವರ್ಷಗಳ ಚಕ್ರಬಡ್ಡಿಯಾಗಿ ಗುಣಿಸಿ ಬೆರಗುಪಡುವುದು ತಪ್ಪು ಲೆಕ್ಕ. ಹಾಗೆ ಬೆಳೆಯುವ ಅವಕಾಶ ಯಾರ ಹಣಕ್ಕೂ ಇರಲಿಲ್ಲ. ಅದೇ ಸಂಸ್ಥೆಯು ಹೊರಗಿನವರಿಗಾಗಿ ನಡೆಸುವ, ದೀರ್ಘಾವಧಿಯ ಸ್ಥಾನಗಳನ್ನು ಹಿಡಿಯುವ ಫಂಡ್ 2020ರಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. ಅದೇ ವರ್ಷ ಮೆಡಾಲಿಯನ್ ಭಾರಿ ಲಾಭ ಮಾಡಿತು. ಅವಧಿ ಮತ್ತು ಗಾತ್ರ ಬದಲಾದರೆ ವಿದ್ಯೆಯ ಫಲವೂ ಬದಲಾಗುತ್ತದೆ.

ಇನ್ನೊಂದು ಮಾತು. ಕಂಪ್ಯೂಟರು ಹೇಳಿದ್ದನ್ನು ಮನುಷ್ಯ ತಿದ್ದಬಾರದೆಂಬುದು ಅಲ್ಲಿನ ನಿಯಮವಾಗಿತ್ತು. ಆದರೆ 2007ರ ಆಗಸ್ಟಿನಲ್ಲಿ ಗಣಿತಾಧಾರಿತ ಫಂಡುಗಳೆಲ್ಲ ಒಟ್ಟಿಗೆ ಕುಸಿಯತೊಡಗಿದಾಗ, ವ್ಯವಸ್ಥೆಯನ್ನು ನಂಬೋಣವೆಂದು ಬ್ರೌನ್ ವಾದಿಸಿದರೂ, ಸ್ಥಾನಗಳನ್ನು ಕುಗ್ಗಿಸಲು ಹೇಳಿದವರು ಸೈಮನ್ಸ್. ಮಾದರಿಗೆ ಗೊತ್ತಿರದ ಅಪಾಯವೊಂದಿರಬಹುದೆಂದು ಒಪ್ಪಿಕೊಳ್ಳುವುದೂ ಗಣಿತಜ್ಞನ ವಿವೇಕವೇ ಎಂದು ನನಗನ್ನಿಸುತ್ತದೆ.

ಪ್ರಶ್ನೆ ಕೇಳಿದವರು: ಗಣಿತ ವಿದ್ಯಾರ್ಥಿ

ಇಬ್ಬರಿಗೂ ಕೃತಜ್ಞತೆಗಳು. ನಾಣ್ಯದ ಲೆಕ್ಕವನ್ನು ನಾನೇ ಮಾಡಿ ನೋಡಿದೆ, ಸರಿಬಂತು. ಒಂದು ಅನುಮಾನ ಉಳಿದಿದೆ: ಶುಲ್ಕ ಮತ್ತು ತೆರಿಗೆಯ ವಿಷಯದಲ್ಲಿ ಈ ಸಂಸ್ಥೆಯ ಮೇಲೆ ಬಂದ ಆಕ್ಷೇಪಗಳು ಎಂಥವು?

ಉತ್ತರ: ತೆರಿಗೆ ಸಲಹೆಗಾರ

ಶುಲ್ಕದ ವಿಷಯ ಸರಳವಾದದ್ದು. ಒಂದು ಹಂತದಲ್ಲಿ ಮೆಡಾಲಿಯನ್ ಹೂಡಿಕೆಯ ಶೇ 5ನ್ನೂ ಲಾಭದ ಶೇ 44ನ್ನೂ ಪಡೆಯುತ್ತಿತ್ತು. ಇತರ ಫಂಡುಗಳಲ್ಲಿ ಶೇ 2 ಮತ್ತು ಶೇ 20 ರೂಢಿ. ಶುಲ್ಕ ಕಳೆದರೆ ಸರಾಸರಿ ಗಳಿಕೆ ಶೇ 39ರಷ್ಟಾಗುತ್ತದೆ. ಆದರೆ 2005ರ ಹೊತ್ತಿಗೆ ಹೊರಗಿನ ಹೂಡಿಕೆದಾರರ ಹಣವನ್ನೆಲ್ಲ ಹಿಂತಿರುಗಿಸಿದ್ದರಿಂದ, ಆ ಮೇಲೆ ನೌಕರರು ಮತ್ತು ಒಡೆಯರು ತಮ್ಮ ತಮ್ಮೊಳಗೇ ಶುಲ್ಕ ಕೊಟ್ಟುಕೊಳ್ಳುತ್ತಿದ್ದರು.

ತೆರಿಗೆಯ ವಿಷಯ ಗಂಭೀರವಾದದ್ದು, ಅದನ್ನು ಮುಚ್ಚಿಡಬಾರದು. ಅಮೆರಿಕದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಆಸ್ತಿಯ ಲಾಭಕ್ಕೆ ಕಡಿಮೆ ತೆರಿಗೆ. ಮೆಡಾಲಿಯನ್ನಿನ ವ್ಯಾಪಾರಗಳು ವರ್ಷವಿರಲಿ, ಅನೇಕ ಬಾರಿ ಒಂದು ದಿನವೂ ಬಾಳುತ್ತಿರಲಿಲ್ಲ. ಆ ವ್ಯಾಪಾರಗಳನ್ನು ಬಾರ್ಕ್ಲೇಸ್ ಮತ್ತು ಡಾಯ್ಚ ಬ್ಯಾಂಕುಗಳ ಹೆಸರಿನ ಖಾತೆಯಲ್ಲಿಟ್ಟು, ಅವುಗಳ ಇಡೀ ಬುಟ್ಟಿಯ ಮೇಲೆ ಆಪ್ಷನ್ (ಅದರ ಲಾಭವನ್ನು ಮುಂದೆ ಪಡೆಯುವ ಹಕ್ಕು) ಪಡೆದು, ಆ ಆಪ್ಷನ್ನನ್ನು ಒಂದು ವರ್ಷ ದಾಟಿಸಿ, ಲಾಭವನ್ನು ದೀರ್ಘಾವಧಿಯದೆಂದು ತೋರಿಸಲಾಯಿತು. ಬುಟ್ಟಿಯೊಳಗೆ ಏನನ್ನು ಕೊಳ್ಳಬೇಕೆಂದು ನಿರ್ಧರಿಸುತ್ತಿದ್ದವರು ರಿನೇಸಾನ್ಸಿನವರೇ. 2014ರಲ್ಲಿ ಅಮೆರಿಕದ ಸೆನೆಟ್ಟಿನ ಉಪಸಮಿತಿ ಇದನ್ನು ಬಹಿರಂಗವಾಗಿ ವಿಚಾರಿಸಿತು. 2021ರಲ್ಲಿ ಬಡ್ಡಿ ಮತ್ತು ದಂಡ ಸೇರಿ 700 ಕೋಟಿ ಡಾಲರುಗಳವರೆಗೆ ಕಟ್ಟುವ ಒಪ್ಪಂದವಾಯಿತು. ಸಂಸ್ಥೆಯು ತನ್ನ ವ್ಯವಸ್ಥೆ ಕಾನೂನುಬದ್ಧವೆಂದೇ ವಾದಿಸಿತ್ತು. ನನ್ನ ವೃತ್ತಿಯ ಕಣ್ಣಿನಿಂದ ನೋಡಿದರೆ ಅದು ಹೆಸರಿಗೆ ಮಾತ್ರ ಆಪ್ಷನ್ ಆಗಿತ್ತು. ಸೈಮನ್ಸ್ ಅವರಂಥ ನೇರ ಮನುಷ್ಯ ಅದಕ್ಕೆ ಒಪ್ಪಿದ್ದು ನನಗೆ ಇಂದಿಗೂ ನೋವಿನ ಸಂಗತಿ.

ಉತ್ತರ: ನಿವೃತ್ತ ಅಧ್ಯಾಪಕಿ

ಮೇಲಿನ ಆಕ್ಷೇಪ ನ್ಯಾಯವಾದದ್ದು. ಅದರ ಪಕ್ಕದಲ್ಲಿ, ಆ ಹಣ ಎಲ್ಲಿಗೆ ಹೋಯಿತೆಂಬುದನ್ನೂ ಬರೆದಿಡುತ್ತೇನೆ. ಒಂದು ಇನ್ನೊಂದನ್ನು ಅಳಿಸುತ್ತದೆಂದು ನಾನು ಹೇಳುತ್ತಿಲ್ಲ.

1994ರಲ್ಲಿ ಅವರೂ ಪತ್ನಿ ಮ್ಯಾರಿಲಿನ್ ಅವರೂ ಸೈಮನ್ಸ್ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಕೂಡಲೇ ಲಾಭ ತರದ ಮೂಲವಿಜ್ಞಾನಕ್ಕೆ ಹಣ ಕೊಡುವುದೇ ಅದರ ಮುಖ್ಯ ಕೆಲಸ. 2006ರಲ್ಲಿ ಸರ್ಕಾರದ ಅನುದಾನ ಸಾಲದೆ ಬ್ರೂಕ್‌ಹೇವನ್ ಪ್ರಯೋಗಾಲಯದ ಕಣಘರ್ಷಕ ಯಂತ್ರ ಆ ವರ್ಷ ನಿಲ್ಲುವ ಸ್ಥಿತಿ ಬಂದಾಗ, ಸೈಮನ್ಸ್ ಮತ್ತು ಸಂಗಡಿಗರು 1.3 ಕೋಟಿ ಡಾಲರ್ ಕೊಟ್ಟು ಅದನ್ನು ನಡೆಸಿದರು. ನ್ಯೂಯಾರ್ಕಿನ ಸಾರ್ವಜನಿಕ ಶಾಲೆಗಳ ಗಣಿತ ಶಿಕ್ಷಕರಿಗೆ ಸಂಬಳದ ಮೇಲೆ ಗೌರವಧನ ಕೊಡುವ ಯೋಜನೆ 2004ರಲ್ಲಿ ಆರಂಭವಾಯಿತು. ಪಾಠ ಹೇಳಿ ಬದುಕಿದ ನನಗೆ ಅವರ ಕೊಡುಗೆಗಳಲ್ಲೆಲ್ಲ ಇದೇ ಹೆಚ್ಚು ಮನಸ್ಸಿಗೆ ಹತ್ತಿರವಾದದ್ದು. ಮ್ಯಾನ್‌ಹಟನ್ನಿನ ಫ್ಲ್ಯಾಟೈರನ್ ಸಂಸ್ಥೆಯಲ್ಲಿ ಜೀವವಿಜ್ಞಾನ, ಖಗೋಳವಿಜ್ಞಾನಗಳಿಗೆ ಬೇಕಾದ ಗಣಕ ವಿಧಾನಗಳ ಮೇಲೆ ಕೆಲಸ ನಡೆಯುತ್ತದೆ. 2023ರಲ್ಲಿ ಸ್ಟೋನಿ ಬ್ರೂಕ್‌ಗೆ 50 ಕೋಟಿ ಡಾಲರುಗಳ ದಾನ ಪ್ರಕಟವಾಯಿತು.

ಇಷ್ಟೆಲ್ಲದರ ನಡುವೆ ಅವರು ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡರು. 1996ರಲ್ಲಿ ಪಾಲ್ ಸೈಕಲ್ ಮೇಲೆ ಹೋಗುತ್ತಿದ್ದಾಗ ಕಾರು ಬಡಿದು ತೀರಿಕೊಂಡರು. 2003ರಲ್ಲಿ ನಿಕೊಲಸ್ ಬಾಲಿಯಲ್ಲಿ ನೀರಿನಲ್ಲಿ ಮುಳುಗಿದರು. ನಿಕೊಲಸ್ ಕೆಲಸ ಮಾಡಿದ್ದ ನೇಪಾಳದಲ್ಲಿ, ಹಳ್ಳಿಗಳ ಆರೋಗ್ಯ ಕಾರ್ಯಕರ್ತರನ್ನು ತರಬೇತುಗೊಳಿಸುವ ಸಂಸ್ಥೆ ಅವರ ಹೆಸರಿನಲ್ಲಿದೆ.

ನೀವು ಕೇಳಿದ್ದು ಅವರು ಗಣಿತವನ್ನು ಬಿಟ್ಟು ಹೋದರೇ ಎಂದು. ಆ ದುಃಖದ ವರ್ಷಗಳಲ್ಲಿ ಅವರು ಮತ್ತೆ ಕಾಗದ, ಪೆನ್ಸಿಲ್ ಹಿಡಿದು ರೇಖಾಗಣಿತಕ್ಕೆ ಮರಳಿದರು. ಗಣಿತಜ್ಞ ಡೆನಿಸ್ ಸಲಿವನ್ ಅವರೊಂದಿಗೆ ಬರೆದ, 1970ರ ದಶಕದ ತಮ್ಮದೇ ಕೆಲಸವನ್ನು ಮುಂದುವರಿಸುವ ಪ್ರಬಂಧವು 2008ರಲ್ಲಿ ಪ್ರಕಟವಾದಾಗ ಅವರಿಗೆ ಎಪ್ಪತ್ತು ವರ್ಷ. ಚರ್ನ್ ಅವರೊಂದಿಗಿನ ಪ್ರಬಂಧವನ್ನು ಮುಗಿಸಿದ ಮೇಲೆ ಅದನ್ನೂ ತೆಗೆದು ನೋಡಿ.